ಮನೆಮಂದಿಯೆಲ್ಲ ಕೂತು ಪಾಶ್ಚಾತ್ಯ ಸಾಹಿತ್ಯದ ದೊಡ್ಡ ಕೃತಿಗಳನ್ನು ಓದುವುದು ಹೇಗೆ?

ದೇವರಾಯನದುರ್ಗ, ತುಮಕೂರು

ಎಲ್ಲರಿಗೂ ನಮಸ್ಕಾರ.

ನಮ್ಮದು ಐದು ಜನರ ಸಂಸಾರ. ಮಗಳು 9ನೆಯ ತರಗತಿಯಲ್ಲಿ, ಮಗ 6ನೆಯ ತರಗತಿಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾರೆ. 74 ವರ್ಷದ ನಮ್ಮ ಅತ್ತೆಯವರು ಕನ್ನಡ ಕಾದಂಬರಿಗಳನ್ನು ಇಂದಿಗೂ ಬಿಡದೆ ಓದುತ್ತಾರೆ, ಆದರೆ ಇಂಗ್ಲಿಷ್ ಅವರಿಗೆ ಬಾರದು. ನಮ್ಮ ಯಜಮಾನರದು ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸವಾದ್ದರಿಂದ, ಮನೆಯವರೆಲ್ಲ ರಾತ್ರಿ ಊಟಕ್ಕೆ ಒಟ್ಟಿಗೆ ಕೂರುವುದು ವಾರದಲ್ಲಿ ಮೂರು ದಿನವಾದರೆ ಹೆಚ್ಚು. ಆ ಮೂರು ರಾತ್ರಿಗಳಲ್ಲಿ ಊಟದ ನಂತರ ಮುಕ್ಕಾಲು ಗಂಟೆ ಎಲ್ಲರೂ ಸೇರಿ ಒಂದೇ ಪುಸ್ತಕವನ್ನು ಓದಬೇಕೆಂಬುದು ನನ್ನ ಬಹಳ ದಿನಗಳ ಆಸೆ.

ಈ ಆಸೆ ಬಲವಾಗಲು ಒಂದು ಚಿಕ್ಕ ಸಂಗತಿ ಕಾರಣವಾಯಿತು. ಮಗಳು ಶಾಲೆಯಲ್ಲಿ ಗಲಿವರನ ಪ್ರವಾಸಗಳನ್ನು ಪಾಠವಾಗಿ ಓದಿದ್ದಳು. ಕಥೆ ಹೇಳು ಎಂದರೆ ಆರಂಗುಲದ ಜನರ ಲಿಲಿಪುಟ್ ದ್ವೀಪವನ್ನು ವರ್ಣಿಸಿ ಅಲ್ಲಿಗೆ ಮುಗಿಸಿದಳು. 1726ರಲ್ಲಿ ಪ್ರಕಟವಾದ ಆ ಪುಸ್ತಕದಲ್ಲಿ ನಾಲ್ಕು ಭಾಗಗಳಿವೆ, ಎರಡನೆಯ ಭಾಗದಲ್ಲಿ ಗಲಿವರನೇ ದೈತ್ಯರ ಅಂಗೈಯಲ್ಲಿ ಹಿಡಿಯುವ ಗೊಂಬೆಯಾಗುತ್ತಾನೆ, ಕೊನೆಯ ಭಾಗದಲ್ಲಿ ವಿವೇಕಿಗಳಾದ ಕುದುರೆಗಳ ನಾಡನ್ನು ಬಿಟ್ಟು ಬಂದವನಿಗೆ ಮನುಷ್ಯರ ಸಹವಾಸವೇ ಬೇಡವಾಗುತ್ತದೆ ಎಂದು ನಾನು ಹೇಳಿದಾಗ, ಅವಳು ತನಗೆ ಮೋಸವಾಯಿತೆಂಬಂತೆ ನನ್ನನ್ನು ನೋಡಿದಳು. ಕಥೆಯ ಕಾಲುಭಾಗವನ್ನು ಕೊಟ್ಟು ಪೂರ್ತಿ ಕೊಟ್ಟೆವೆಂದು ಮಕ್ಕಳನ್ನು ನಂಬಿಸುತ್ತಿದ್ದೇವಲ್ಲ ಎಂದು ನನಗೂ ಅನ್ನಿಸಿತು.

ಕಳೆದ ಬೇಸಿಗೆ ರಜೆಯಲ್ಲಿ ಡಿಕನ್ಸನ ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯನ್ನು ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಓದಲು ಆರಂಭಿಸಿದೆ. ಅದರಲ್ಲಿ 64 ಅಧ್ಯಾಯಗಳಿವೆ, ನಾವು ಒಂಬತ್ತನೆಯದನ್ನು ದಾಟಲಿಲ್ಲ. ಮಗಳಿಗೆ ನನ್ನ ಓದು ನಿಧಾನವೆನಿಸಿ ಪುಸ್ತಕವನ್ನು ತಾನೇ ಎತ್ತಿಕೊಂಡು ಹೋಗಿ ಓದಿ ಮುಗಿಸಿದಳು. ಮಗನಿಗೆ ವಾಕ್ಯಗಳು ಕೊನೆಮುಟ್ಟುವಷ್ಟರಲ್ಲಿ ಅವುಗಳ ಆರಂಭವೇ ಮರೆತುಹೋಗುತ್ತಿತ್ತು. ಅತ್ತೆಯವರು ಮೊದಲೆರಡು ರಾತ್ರಿ ನಮ್ಮ ನಡುವೆ ಬಂದು ಕೂತಿದ್ದರು. ಮೂರನೆಯ ರಾತ್ರಿ, ‘ನೀವು ಓದಿಕೊಳ್ಳಿ’ ಎಂದು ಎದ್ದು ತಮ್ಮ ಕೋಣೆಗೆ ಹೋದರು. ಅವರು ಹೋದದ್ದೇ ನನ್ನ ಮನಸ್ಸಿಗೆ ಹೆಚ್ಚು ನೋವನ್ನುಂಟುಮಾಡಿತು.

ಮತ್ತೆ ಆರಂಭಿಸಬೇಕೆಂದಿದ್ದೇನೆ. ಮಕ್ಕಳಿಗೂ ಹಿರಿಯರಿಗೂ ಏಕಕಾಲದಲ್ಲಿ ಹಿಡಿಸುವ ಕೃತಿಗಳು ಯಾವುವು, ಮೂಲದಲ್ಲೇ ಓದಬೇಕೇ ಅಥವಾ ಅನುವಾದದಲ್ಲೇ, ಸಂಕ್ಷೇಪಗಳನ್ನು ಬಳಸಬಹುದೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಅಂತರಗಂಗೆ, ಕೋಲಾರ

ಮೇಡಂ, ನಾನು ಸರ್ಕಾರಿ ಪದವಿ ಕಾಲೇಜುಗಳಲ್ಲಿ 31 ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು. ನಿಮ್ಮ ಅತ್ತೆಯವರು ಎದ್ದು ಹೋದ ಸಂಗತಿಯಿಂದಲೇ ನನ್ನ ಉತ್ತರವನ್ನು ಆರಂಭಿಸುತ್ತೇನೆ, ಏಕೆಂದರೆ ಅವರನ್ನು ಮತ್ತೆ ಕರೆತಂದು ಕೂರಿಸಿದರೆ ನಿಮ್ಮ ಉಳಿದ ತೊಡಕುಗಳಲ್ಲಿ ಅರ್ಧದಷ್ಟು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಅರ್ಥವಾಗದ ಭಾಷೆಯ ಕಾವ್ಯವನ್ನು ಊರೆಲ್ಲ ಕೂತು ಕೇಳುವ ಕ್ರಮ ನಮ್ಮಲ್ಲಿ ಹಿಂದಿನಿಂದಲೂ ಇದೆ. ಗಮಕಿಗಳು ಕುಮಾರವ್ಯಾಸನನ್ನೋ ಜೈಮಿನಿ ಭಾರತವನ್ನೋ ವಾಚಿಸುತ್ತಾರೆ, ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಪದ್ಯದ ಅರ್ಥವನ್ನು ಬಿಡಿಸಿ, ನಡುವೆ ತಮ್ಮದೊಂದು ಮಾತನ್ನೂ ಸೇರಿಸಿ ಹೇಳುತ್ತಾರೆ. ಹಳಗನ್ನಡವಾಗಲಿ ನಡುಗನ್ನಡವಾಗಲಿ ಕೇಳುಗರಿಗೆಲ್ಲ ನೇರವಾಗಿ ತಿಳಿಯುತ್ತಿತ್ತೆಂದು ಯಾರೂ ಭಾವಿಸಿರಲಿಲ್ಲ. ನೀವೂ ಇದೇ ಏರ್ಪಾಡನ್ನು ಮಾಡಿಕೊಳ್ಳಿ. ಮಗಳು ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಓದಲಿ, ನೀವು ಅದನ್ನು ಕನ್ನಡದಲ್ಲಿ ಹೇಳಿ. ಒಂದು ವಾರ ಕಳೆದ ಮೇಲೆ ಪಾತ್ರಗಳನ್ನು ಅದಲುಬದಲು ಮಾಡಿಕೊಳ್ಳಿ. ಅಜ್ಜಿಗೆ ತಿಳಿಯುವಂತೆ ಹೇಳಬೇಕಾದ ಹೊಣೆ ತನ್ನ ಮೇಲೆ ಬಿದ್ದಾಗ ಹುಡುಗಿ ಎಷ್ಟು ಆಳವಾಗಿ ಓದುತ್ತಾಳೆಂಬುದನ್ನು ನೀವೇ ನೋಡುವಿರಿ.

ಡಿಕನ್ಸನ ವಿಷಯದಲ್ಲಿ ನೀವು ಎಡವಿದ್ದು ಕೃತಿಯ ಆಯ್ಕೆಯಲ್ಲಲ್ಲ, ಗತಿಯಲ್ಲಿ. ಆ ಕಾದಂಬರಿ 1849ರ ಮೇ ತಿಂಗಳಿನಿಂದ 1850ರ ನವೆಂಬರ್ ವರೆಗೆ ತಿಂಗಳಿಗೊಂದು ಕಂತಿನಂತೆ ಹೊರಬಂದಿತು. ಅಂದಿನ ಓದುಗರ ಕೈಗೆ ತಿಂಗಳಿಗೆ ಮೂರೋ ನಾಲ್ಕೋ ಅಧ್ಯಾಯಗಳು ಮಾತ್ರ ಸಿಗುತ್ತಿದ್ದವು, ಮುಂದಿನ ಕಂತು ಬರುವವರೆಗೆ ಅವರು ಅದನ್ನೇ ಕುರಿತು ಮಾತನಾಡಿಕೊಳ್ಳುತ್ತಿದ್ದರು. ವಾರಪತ್ರಿಕೆಯ ಧಾರಾವಾಹಿಗಾಗಿ ಕಾದು ಓದಿದ ಅಭ್ಯಾಸ ನಿಮ್ಮ ಅತ್ತೆಯವರಿಗೆ ಇದ್ದೇ ಇರುತ್ತದೆ. ಆದ್ದರಿಂದ ಇದು ಅವರಿಗೆ ನಿಮಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲ ಕೃತಿಯಾಗಿ ನಾನು ಸೂಚಿಸುವುದು 1719ರ ‘ರಾಬಿನ್ಸನ್ ಕ್ರೂಸೋ’. ಇದಕ್ಕೆ ನನ್ನ ಮನೆಯಲ್ಲೇ ನಡೆದ ಒಂದು ಪ್ರಸಂಗ ಕಾರಣ. ಮಾಲೂರು ಕಡೆಯ ಹಳ್ಳಿಯಲ್ಲಿ ಮಳೆಯಾಧಾರದ ಹೊಲದಲ್ಲಿ ರಾಗಿ ಬೆಳೆಯುತ್ತಿದ್ದ ನಮ್ಮ ತಂದೆಯವರು ಕಣ್ಣಿನ ಪೊರೆ ತೆಗೆಸಿಕೊಂಡು ತಿಂಗಳೊಪ್ಪತ್ತು ನಮ್ಮ ಮನೆಯಲ್ಲಿದ್ದರು. ಹೊತ್ತು ಹೋಗಲೆಂದು ಆಗ 11 ವರ್ಷದವನಾಗಿದ್ದ ನನ್ನ ಮಗ ಕ್ರೂಸೋ ಓದುತ್ತಿದ್ದ, ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಹಡಗು ಒಡೆದದ್ದು, ಬಿರುಗಾಳಿ ಬೀಸಿದ್ದು ಇವೆಲ್ಲವನ್ನೂ ತಂದೆಯವರು ಸುಮ್ಮನೆ ಕೇಳಿಸಿಕೊಂಡರು. ಕ್ರೂಸೋ ಕೋಳಿಗೆ ಹಾಕುವ ಕಾಳಿನ ಚೀಲದಲ್ಲಿ ಉಳಿದ ಹೊಟ್ಟನ್ನು ಬಂಡೆಯ ಬದಿಯಲ್ಲಿ ಕೊಡವುತ್ತಾನೆ, ಸುಮಾರು ಒಂದು ತಿಂಗಳಿಗೆ ಅಲ್ಲಿ ಬಾರ್ಲಿಯ ಹತ್ತು ಹನ್ನೆರಡು ತೆನೆಗಳು ಕಾಣಿಸಿಕೊಳ್ಳುತ್ತವೆ, ಅವನು ಅದನ್ನು ದೇವರ ಪವಾಡವೆಂದೇ ಭಾವಿಸುತ್ತಾನೆ. ಆ ಬೀಜವನ್ನು ಜೋಪಾನ ಮಾಡಿ ಬಿತ್ತಿದರೆ ಒಂದು ಕಾಳೂ ಬರುವುದಿಲ್ಲ, ಏಕೆಂದರೆ ಅವನು ಬಿತ್ತಿದ್ದು ಒಣಗಾಲಕ್ಕೆ ಮುಂಚೆ. ಇಷ್ಟು ಹೇಳುವಷ್ಟರಲ್ಲಿ ತಂದೆಯವರು ಹಾಸಿಗೆಯ ಮೇಲೆ ಎದ್ದು ಕೂತು, ‘ಮಳೆ ನಕ್ಷತ್ರ ನೋಡದೆ ಬಿತ್ತಿದರೆ ಭೂಮಿ ಏನು ಕೊಟ್ಟೀತು? ಬೀಜವನ್ನೆಲ್ಲ ಒಂದೇ ಸಲಕ್ಕೆ ಹಾಕಿಬಿಟ್ಟನೇನು, ಅದನ್ನು ನೋಡು ಮೊದಲು’ ಎಂದರು. ಮಗ ಪುಟ ಹಿಂದಕ್ಕೆ ತಿರುಗಿಸಿ ಹುಡುಕಿದ. ಕ್ರೂಸೋ ಮೂರರಲ್ಲಿ ಎರಡು ಪಾಲನ್ನು ಮಾತ್ರ ಬಿತ್ತಿ, ಒಂದು ಹಿಡಿಯಷ್ಟನ್ನು ಉಳಿಸಿಕೊಂಡಿದ್ದ. ‘ಹಾಗಾದರೆ ಬದುಕಿಕೊಳ್ಳುತ್ತಾನೆ’ ಎಂದು ಹೇಳಿ ಅವರು ಮತ್ತೆ ಒರಗಿಕೊಂಡರು. ಮುಂದೆ ಅವನು ಮಳೆಗಾಲ ಒಣಗಾಲಗಳ ಲೆಕ್ಕ ಬರೆದಿಟ್ಟು, ವರ್ಷಕ್ಕೆ ಎರಡು ಬಿತ್ತನೆ ಎರಡು ಕೊಯ್ಲು ಸಾಧ್ಯವೆಂದು ಕಂಡುಕೊಂಡಾಗ, ಮುಂಗಾರು ಹಿಂಗಾರುಗಳು ಅಲ್ಲಿಯೂ ಇವೆಯೆಂದು ಅವರಿಗೆ ಬಹಳ ಸಂತೋಷವಾಯಿತು. ನಾನು ಆ ಕೃತಿಯನ್ನು ತರಗತಿಯಲ್ಲಿ ಹಲವು ವರ್ಷ ಪಾಠ ಮಾಡಿದ್ದೆ. ಅದರಲ್ಲಿ ಒಬ್ಬ ರೈತನ ಕಥೆಯಿದೆ ಎಂಬುದು ನನಗೆ ಹೊಳೆದದ್ದು ಅಂದು.

ಅದೇ ಪುಸ್ತಕದಲ್ಲಿ ನುಂಗಲಾಗದ ಭಾಗವೂ ಇದೆ. ಕ್ರೂಸೋ ಹಡಗು ಹತ್ತಿದ್ದೇ ಆಫ್ರಿಕಾದಿಂದ ಗುಲಾಮರನ್ನು ತರಲು, ಅದಕ್ಕೂ ಮುಂಚೆ ತನ್ನೊಡನೆ ತಪ್ಪಿಸಿಕೊಂಡು ಬಂದ ಜೂರಿ ಎಂಬ ಹುಡುಗನನ್ನು 60 ಬೆಳ್ಳಿ ನಾಣ್ಯಗಳಿಗೆ ಬಿಟ್ಟುಕೊಟ್ಟಿದ್ದ. ಮಕ್ಕಳ ಸಂಕ್ಷೇಪಗಳಲ್ಲಿ ಇದನ್ನು ಸಾಮಾನ್ಯವಾಗಿ ತೆಗೆದುಹಾಕುತ್ತಾರೆ. ನೀವು ತೆಗೆಯಬೇಡಿ. ಅಲ್ಲಿ ಪುಸ್ತಕವನ್ನು ಮಡಿಸಿಟ್ಟು ಮಾತನಾಡಿ.

ಭಾಷೆಯ ಬಗ್ಗೆ ಸಂಕೋಚ ಬೇಡ. ನಮ್ಮ ಸುತ್ತಲಿನ ಊರುಗಳಲ್ಲಿ ಹುಟ್ಟಿದವರೇ ಈ ಕೃತಿಗಳನ್ನು ಕನ್ನಡಕ್ಕೆ ತಂದು ಕೊಟ್ಟವರು. 1884ರಲ್ಲಿ ನಿಮ್ಮ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ. ಅವರು ‘ಇಂಗ್ಲಿಷ್ ಗೀತೆಗಳು’ ಸಂಗ್ರಹವನ್ನೂ, ಸೋಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು ಮಹಾಭಾರತಕ್ಕೆ ಒಗ್ಗಿಸಿದ ‘ಅಶ್ವತ್ಥಾಮನ್’ ನಾಟಕವನ್ನೂ ಕೊಟ್ಟರು. ಮುಳಬಾಗಿಲಿನ ಡಿ.ವಿ.ಜಿ. ‘ಮ್ಯಾಕ್‌ಬೆತ್’ ನಾಟಕವನ್ನು ಕನ್ನಡಿಸಿದರು, ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯ ಮಾಸ್ತಿಯವರು ‘ಲಿಯರ್ ಮಹಾರಾಜ’ ಬರೆದರು. ಮಗಳು ಇಂಗ್ಲಿಷಿನಲ್ಲಿ ಲಿಯರ್ ದೊರೆಯ ಮೊದಲ ದೃಶ್ಯವನ್ನು ಓದಿ, ಅತ್ತೆಯವರು ಅದೇ ದೃಶ್ಯವನ್ನು ಮಾಸ್ತಿಯವರ ಕನ್ನಡದಲ್ಲಿ ಓದಲಿ. ಮೂವರು ಹೆಣ್ಣುಮಕ್ಕಳಿಗೆ ರಾಜ್ಯ ಹಂಚಲು ಹೊರಟು ಬಾಯಿಮಾತಿನ ಪ್ರೀತಿಗೆ ಮರುಳಾದ ಮುದುಕ ತಂದೆಯ ಕಥೆಯನ್ನು ಅರ್ಥಮಾಡಿಕೊಳ್ಳಲು ನಮ್ಮ ಯಾವ ಮನೆಗೂ ಟಿಪ್ಪಣಿ ಬೇಕಾಗಿಲ್ಲ.

ಕೊನೆಯದಾಗಿ ಇನ್ನೊಂದು ಕೃತಿಯನ್ನು ಹೇಳದೆ ಬಿಡಲಾರೆ. ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’ 1868ರಲ್ಲಿ ಡಿಕನ್ಸನೇ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಪತ್ತೇದಾರಿ ಕಾದಂಬರಿ. ಅದು ಆರಂಭವಾಗುವುದೇ 1799ರ ಶ್ರೀರಂಗಪಟ್ಟಣದಲ್ಲಿ, ಟಿಪ್ಪುವಿನ ಕೋಟೆ ಬಿದ್ದ ದಿನ. ಒಬ್ಬ ಇಂಗ್ಲಿಷ್ ಅಧಿಕಾರಿ ಅಲ್ಲಿಂದ ಕದ್ದ ವಜ್ರವು ಸುಮಾರು 50 ವರ್ಷಗಳ ನಂತರ ಇಂಗ್ಲೆಂಡಿನ ಒಂದು ಮನೆಯಲ್ಲಿ ಮತ್ತೆ ಕಳುವಾಗುತ್ತದೆ. ಕಥೆಯನ್ನು ಒಬ್ಬರಲ್ಲ, ಹಲವರು ಹೇಳುತ್ತಾರೆ. ಪ್ರತಿಯೊಬ್ಬರೂ ತಾವು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕೆಂಬುದು ಅಲ್ಲಿನ ಕಟ್ಟುಪಾಡು. ಮನೆಯ ಒಬ್ಬೊಬ್ಬರೂ ಒಬ್ಬೊಬ್ಬ ನಿರೂಪಕರನ್ನು ವಹಿಸಿಕೊಂಡು ಓದಬಹುದು. ಮೊದಲ ನಿರೂಪಕ ಬೆಟರೆಜ್ ಎಂಬ ಹಿರಿಯ ಮೇಟಿ. ಅವನು ಕಷ್ಟ ಬಂದಾಗಲೆಲ್ಲ ‘ರಾಬಿನ್ಸನ್ ಕ್ರೂಸೋ’ ಪುಸ್ತಕವನ್ನು ತೆರೆದು ಶಕುನ ನೋಡುತ್ತಾನಾದ್ದರಿಂದ, ಕ್ರೂಸೋ ಮುಗಿಸಿದ ಮೇಲೆ ಇದನ್ನು ಓದಿದರೆ ರುಚಿ ಹೆಚ್ಚು. ಈ ಮೂಲ ಕೃತಿಗಳೆಲ್ಲ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ.

ಹಿಪ್ಪುನೇರಳೆ, ಶಿಡ್ಲಘಟ್ಟ

ಮೇಲಿನ ಹಿರಿಯರ ಮಾತನ್ನು ಗೌರವದಿಂದ ಒಪ್ಪುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ದುಡಿಯುವ ಮನೆಗಳಲ್ಲಿ ದೊಡ್ಡ ಕಾದಂಬರಿ ಎಷ್ಟೇ ಚೆನ್ನಾಗಿರಲಿ, ನಡುವೆ ನಿಂತುಹೋಗುತ್ತದೆ. ನಿಂತ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಳ್ಳಲು ಎಲ್ಲರಿಗೂ ಮುಜುಗರವಾಗುತ್ತದೆ. ಆದ್ದರಿಂದ ಒಂದೇ ರಾತ್ರಿಯಲ್ಲಿ ಮುಗಿಯುವ ಕಥೆಗಳಿಂದ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ.

ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಹುಳು ನಾಲ್ಕನೆಯ ಜ್ವರದಿಂದ, ಅಂದರೆ ನಾಲ್ಕನೆಯ ಸಲ ಪೊರೆ ಕಳಚಿ, ಎದ್ದಮೇಲೆ ಗೂಡು ಕಟ್ಟುವವರೆಗಿನ ವಾರದಲ್ಲಿ ಸೊಪ್ಪು ಕೊಯ್ದು ತರುವುದು, ಹಾಕುವುದು ಬಿಟ್ಟರೆ ಬೇರೇನನ್ನೂ ಮಾಡಲು ಬಿಡುವಿರುವುದಿಲ್ಲ. ಆದರೆ ಹುಳು ಜ್ವರಕ್ಕೆ ಕೂತ ದಿನ ಸೊಪ್ಪು ಹಾಕುವಂತಿಲ್ಲ, ಹುಳುಮನೆಯೆಲ್ಲ ನಿಶ್ಶಬ್ದವಾಗಿರುತ್ತದೆ. ಅಂಥ ಒಂದು ರಾತ್ರಿ ನಾನು ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ, ಮನುಷ್ಯನಿಗೆ ಎಷ್ಟು ಭೂಮಿ ಬೇಕು ಎಂದು ಕೇಳುವ ಕಥೆಯನ್ನು ಮಾವನವರಿಗೂ ಮಕ್ಕಳಿಗೂ ಓದಿ ಹೇಳಿದೆ. ಪಾಹೋಮ್ ಎಂಬ ರೈತನಿಗೆ ಬಷ್ಕೀರರು ದಿನಕ್ಕೆ ಸಾವಿರ ರೂಬಲ್ ಎಂಬ ವಿಚಿತ್ರ ಬೆಲೆ ಹೇಳುತ್ತಾರೆ. ಸೂರ್ಯ ಹುಟ್ಟಿದಾಗ ಹೊರಟು, ಮುಳುಗುವುದರೊಳಗೆ ಹೊರಟ ಜಾಗಕ್ಕೆ ಮರಳಿದರೆ ಸುತ್ತಿಬಂದ ನೆಲವೆಲ್ಲ ಅವನದು, ಮರಳದಿದ್ದರೆ ಹಣವೂ ಹೋಯಿತು, ನೆಲವೂ ಇಲ್ಲ. ಹೊರಡುವ ಜಾಗದ ಗುರುತಿಗೆ ಅವರ ಮುಖ್ಯಸ್ಥ ತನ್ನ ನರಿತುಪ್ಪಳದ ಟೋಪಿಯನ್ನು ನೆಲದ ಮೇಲಿಡುತ್ತಾನೆ.

ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಆರಂಭವಾದಂದಿನಿಂದ ನಮ್ಮ ಕಡೆ ಭೂಮಿಯ ಮಾತು ಬಾರದ ಮನೆಯಿಲ್ಲ. ಪಾಹೋಮ್ ಮಧ್ಯಾಹ್ನದ ಬಿಸಿಲಿನಲ್ಲಿ, ಇನ್ನೊಂದು ತಗ್ಗಿನ ನೆಲ ಚೆನ್ನಾಗಿದೆ, ಅದನ್ನು ಬಿಡಬಾರದು ಎಂದು ಮತ್ತೆ ಮುಂದಕ್ಕೆ ಹೋಗುವ ಭಾಗ ಬಂದಾಗ ಮಾವನವರು, ‘ತಿರುಗೋ ಮಾರಾಯ, ಹೊತ್ತಾಯಿತು’ ಎಂದು ಜೋರಾಗಿಯೇ ಅಂದುಬಿಟ್ಟರು. ಕಥೆ ಮುಗಿದ ಮೇಲೆ ಯಾರೂ ಹೆಚ್ಚು ಮಾತನಾಡಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಹುಡುಗ ತಾತನ ಕೈಗಡಿಯಾರ ಕಟ್ಟಿಕೊಂಡು, ತಾತನ ಜೊತೆ ನಮ್ಮ ಎರಡೂವರೆ ಎಕರೆ ತೋಟದ ಬದುವಿನ ಮೇಲೆ ಒಂದು ಸುತ್ತು ನಡೆದು ಬಂದು, ಏಳು ನಿಮಿಷವಾಯಿತೆಂದು ನನಗೆ ತಿಳಿಸಿದ.

ಅನುವಾದವೇ ಮೂಲವೇ ಎಂಬ ಪ್ರಶ್ನೆಗೆ ನನ್ನದು ಸರಳ ಉತ್ತರ. ಟಾಲ್‌ಸ್ಟಾಯ್, ಚೆಕಾವ್, ಮೋಪಾಸಾ ಇವರನ್ನೆಲ್ಲ ಇಂಗ್ಲಿಷಿನಲ್ಲಿ ಓದುವವರೂ ಅನುವಾದವನ್ನೇ ಓದುತ್ತಿದ್ದಾರೆ. ಹಾಗಿರುವಾಗ ಕನ್ನಡದಲ್ಲಿ ಓದಿದರೆ ಕಡಿಮೆಯಾಯಿತೆಂದು ಏಕೆ ಭಾವಿಸಬೇಕು? ನಿರಂಜನರ ಸಂಪಾದಕತ್ವದಲ್ಲಿ ನವಕರ್ನಾಟಕದವರು 25 ಸಂಪುಟಗಳಲ್ಲಿ ತಂದ ‘ವಿಶ್ವಕಥಾಕೋಶ’ವು ಗ್ರಂಥಾಲಯದಲ್ಲಿ ಸಿಕ್ಕರೆ ತನ್ನಿ. ನಿಮ್ಮ ಅತ್ತೆಯವರೇ ಅದರಿಂದ ಓದಿ ಹೇಳಲಿ, ಇಂಗ್ಲಿಷ್ ಬಲ್ಲವರು ಕೇಳುವವರಾಗಲಿ. ಟಾಲ್‌ಸ್ಟಾಯ್ ಕಥೆಯಾದ ಮೇಲೆ ಮಾಸ್ತಿಯವರ ‘ಟಾಲ್‌ಸ್ಟಾಯ್ ಮಹರ್ಷಿಯ ಭೂರ್ಜವೃಕ್ಷಗಳು’ ಕಥೆಯನ್ನೂ ಓದಿ.

ಕಲ್ಪತರು, ತಿಪಟೂರು

ನಾನು ಈಗ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಹಿರಿಯರು ಓದಿಸುವವರ ಪರವಾಗಿ ಹೇಳಿದ್ದಾರೆ. ನಾನು ಕೇಳುತ್ತಾ ಬೆಳೆದವರ ಪರವಾಗಿ ಎರಡು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ತಂದೆಯವರದು ಕೊಬ್ಬರಿ ವ್ಯಾಪಾರ. ಅವರು ಓದಿದ್ದು ಪಿ.ಯು.ಸಿ.ವರೆಗೆ. ನನಗೆ ಹತ್ತು ವರ್ಷವಿದ್ದಾಗ ಜೂಲ್ಸ್ ವರ್ನನ ‘ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆ’ ಕಥೆಯನ್ನು ಓದಿ ಹೇಳಿದರು. ಗೋಡೆಯ ಮೇಲೆ ಭೂಪಟ ಹಾಕಿ, ಫಿಲಿಯಸ್ ಫಾಗ್ ತಲುಪಿದ ಊರುಗಳಿಗೆಲ್ಲ ಗುಂಡುಸೂಜಿ ಚುಚ್ಚುವ ಕೆಲಸವನ್ನು ನನಗೆ ವಹಿಸಿದ್ದರು. ಅವನ ಸೇವಕ ಪಾಸ್‌ಪಾರ್ತು ಮುಂಬಯಿಯ ಮಲಬಾರ್ ಬೆಟ್ಟದ ಗುಡಿಗೆ ಬೂಟು ಹಾಕಿಕೊಂಡೇ ನುಗ್ಗಿ ಪೆಟ್ಟು ತಿಂದದ್ದನ್ನು ಕೇಳಿ ಅಮ್ಮ ನಕ್ಕಿದ್ದು, ಅದೇ ಬೂಟಿನ ಪ್ರಕರಣ ಕೋಲ್ಕತ್ತದ ನ್ಯಾಯಾಲಯದಲ್ಲಿ ಅವರಿಬ್ಬರನ್ನೂ ಹಿಡಿದು ನಿಲ್ಲಿಸಿದಾಗ ನಾವು ಗಾಬರಿಯಾದದ್ದು ನನಗೆ ಇನ್ನೂ ನೆನಪಿದೆ. ಅಪ್ಪ ಒಂದು ದಿನವೂ ಪ್ರಶ್ನೆ ಕೇಳಲಿಲ್ಲ. ನಾನು ಕಲಿತ ಶಾಲೆಯಲ್ಲಿ ಪ್ರತಿ ಪಾಠದ ಕೊನೆಗೆ ಪಾತ್ರಗಳ ಸ್ವಭಾವವನ್ನು ಐದು ವಾಕ್ಯಗಳಲ್ಲಿ ಬರೆಯಿಸುತ್ತಿದ್ದರು, ಆ ಪಾತ್ರಗಳಲ್ಲಿ ಒಂದೂ ಈಗ ನೆನಪಿಲ್ಲ. ಆದ್ದರಿಂದ ದಯವಿಟ್ಟು ಮಕ್ಕಳಿಗೆ ಪ್ರಶ್ನೆ ಕೇಳಬೇಡಿ, ಅವರು ಕೇಳುವವರೆಗೆ ಕಾಯಿರಿ.

ನಿಮ್ಮ ಮಗಳು ಪುಸ್ತಕ ಎತ್ತಿಕೊಂಡು ಹೋಗಿ ಒಬ್ಬಳೇ ಮುಗಿಸಿದ್ದಕ್ಕೆ ಬೇಸರಪಡಬೇಡಿ. ನಾನೂ ಹಾಗೆಯೇ ಮಾಡುತ್ತಿದ್ದೆ. ಮುಂದಿನದು ಗೊತ್ತಿದ್ದರೂ ರಾತ್ರಿ ಬಂದು ಕೂರುತ್ತಿದ್ದೆ, ಏಕೆಂದರೆ ಗೊತ್ತಿದ್ದ ತಿರುವು ಬಂದಾಗ ಅಪ್ಪನ ಮುಖ ಹೇಗಾಗುತ್ತದೆ ಎಂದು ನೋಡುವ ಆಸೆ ಇರುತ್ತಿತ್ತು.

ಕೋಲಾರದ ಸರ್ ಅವರಿಗೆ ಹಿಡಿಸಬಹುದಾದ ಒಂದು ವಿಷಯ. ಜಲಾಂತರ್ಗಾಮಿಯ ಕ್ಯಾಪ್ಟನ್ ನೇಮೋ ಯಾರೆಂಬುದನ್ನು ವರ್ನ್ 1875ರಲ್ಲಿ ಪೂರ್ಣಗೊಂಡ ‘ನಿಗೂಢ ದ್ವೀಪ’ದಲ್ಲಿ ಬಿಚ್ಚಿಡುತ್ತಾನೆ. ಅವನು ಬುಂದೇಲಖಂಡದ ರಾಜಕುಮಾರ ಡಕ್ಕಾರ್, 1857ರ ಹೋರಾಟದಲ್ಲಿ ಹೆಂಡತಿ ಮಕ್ಕಳನ್ನು ಕಳೆದುಕೊಂಡವನು, ಟಿಪ್ಪು ಸುಲ್ತಾನನ ಬಂಧು. ಟಿಪ್ಪು ತೀರಿಕೊಂಡದ್ದು 1799ರಲ್ಲಾದ್ದರಿಂದ ಈ ಬಂಧುತ್ವದ ಲೆಕ್ಕ ಅಷ್ಟು ಸರಿಹೋಗುವುದಿಲ್ಲ, ಆದರೂ ಹೈದರಾಲಿ ಹುಟ್ಟಿದ ಬೂದಿಕೋಟೆ ಇರುವ ನಾಡಿನ ನಮಗೆ ಅದನ್ನು ಓದುವಾಗ ಮೈ ಜುಮ್ಮೆನ್ನುತ್ತದೆ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ನೇಮೋ ಮೊದಲು ಕಾಣಿಸಿಕೊಳ್ಳುವ ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದಿ ಸೀ’ ಎಂಬ ಸಮುದ್ರದಾಳದ ಕಥೆಯ ಹಳೆಯ ಇಂಗ್ಲಿಷ್ ಅನುವಾದದಲ್ಲಿ ಬಹಳಷ್ಟು ಭಾಗವನ್ನು ಬಿಟ್ಟಿದ್ದಾರೆ, ತಪ್ಪುಗಳೂ ಇವೆ. ಹೊಸ ಅನುವಾದವನ್ನೇ ಹುಡುಕಿ ಓದಿ.

ಏಕಶಿಲೆ, ಮಧುಗಿರಿ

ಸಂಕ್ಷೇಪಗಳ ಪರವಾಗಿ ಯಾರೂ ಮಾತನಾಡಲಿಲ್ಲವಾದ್ದರಿಂದ ನಾನು ಮಾತನಾಡುತ್ತೇನೆ. ನಾನು ಪ್ರೌಢಶಾಲೆಯ ಶಿಕ್ಷಕಿ. ಶೇಕ್ಸ್‌ಪಿಯರನ ನಾಟಕಗಳನ್ನು ಕಥೆಗಳಾಗಿ ಬರೆದ ಚಾರ್ಲ್ಸ್ ಮತ್ತು ಮೇರಿ ಲ್ಯಾಂಬ್ ಅವರ 1807ರ ಪುಸ್ತಕವೇ ನನ್ನನ್ನೂ ನನ್ನ ಅನೇಕ ವಿದ್ಯಾರ್ಥಿಗಳನ್ನೂ ಆ ಲೋಕಕ್ಕೆ ಕರೆದೊಯ್ದದ್ದು. ಅದೂ ಒಂದು ಮನೆಯೊಳಗೆ ಹುಟ್ಟಿದ ಪುಸ್ತಕವೇ. 20 ಕಥೆಗಳಲ್ಲಿ ದುರಂತಗಳ ಆರು ಕಥೆಗಳನ್ನು ತಮ್ಮ ಚಾರ್ಲ್ಸ್ ಬರೆದ, ಉಳಿದ 14ನ್ನು ಅಕ್ಕ ಮೇರಿ ಬರೆದಳು, ಹಾಗಿದ್ದರೂ ಮೊದಲ ಮುದ್ರಣದ ಮುಖಪುಟದಲ್ಲಿ ಅಕ್ಕನ ಹೆಸರಿರಲಿಲ್ಲ. ಸಂಕ್ಷೇಪ ಮಾಡಿದವರಿಗೆ ಮೂಲದ ಮೇಲೆ ಪ್ರೀತಿಯಿದ್ದರೆ ಅದು ಬಾಗಿಲಾಗುತ್ತದೆ. ಯಾರು ಬರೆದರೆಂಬುದೇ ಇಲ್ಲದೆ, ಬಣ್ಣದ ಚಿತ್ರಗಳ ಕೆಳಗೆ ನಾಲ್ಕು ಸಾಲು ಮುದ್ರಿಸಿ ಮಾರುವ ಪುಸ್ತಕಗಳ ಬಗ್ಗೆ ನಾನು ಹೇಳುತ್ತಿಲ್ಲ. ನಿಮ್ಮ ಮಗನಿಗೆ ಮೊದಲು ಲ್ಯಾಂಬರ ‘ದಿ ಟೆಂಪೆಸ್ಟ್’ ಕಥೆಯನ್ನು ಹೇಳಿ, ಅನಂತರ ಕುವೆಂಪು ಅವರು ಅದೇ ನಾಟಕವನ್ನು ಕನ್ನಡಕ್ಕೆ ಒಗ್ಗಿಸಿ ಬರೆದ ‘ಬಿರುಗಾಳಿ’ಯನ್ನು ಮನೆಯವರೆಲ್ಲ ಪಾತ್ರ ಹಂಚಿಕೊಂಡು ಓದಿ.

ದೇವರಾಯನದುರ್ಗ, ತುಮಕೂರು

ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಮೂರು ವಾರಗಳಲ್ಲಿ ಏನು ನಡೆಯಿತೆಂಬುದನ್ನು ತಿಳಿಸುವುದು ನನ್ನ ಕರ್ತವ್ಯ.

ಮಧುಗಿರಿಯ ಮೇಡಂ ಅವರು ಕುವೆಂಪು ಹೆಸರೆತ್ತಿದಾಗ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ನೆನಪಾಯಿತು. ಅದರ ಮೂಲ ಬ್ರೌನಿಂಗ್ ಕವಿಯ 1842ರ ಕವನವೆಂಬುದು ಮಕ್ಕಳಿಗೆ ಗೊತ್ತಿರಲಿಲ್ಲ, ಅತ್ತೆಯವರಿಗೂ ಗೊತ್ತಿರಲಿಲ್ಲ. ಬ್ರೌನಿಂಗ್ ಅದನ್ನು ಬರೆದದ್ದು ಕಾಯಿಲೆ ಬಿದ್ದ ಒಬ್ಬ ಹುಡುಗನಿಗಾಗಿ, ಅವನು ಹಾಸಿಗೆಯಲ್ಲಿದ್ದುಕೊಂಡೇ ಚಿತ್ರ ಬರೆಯಲಿ ಎಂದು. ಇದನ್ನು ಹೇಳಿದ ಮೇಲೆ ನಮ್ಮ ಹುಡುಗನೂ ಡ್ರಾಯಿಂಗ್ ಪುಸ್ತಕ ತಂದು ಕೂತ. ಮಗಳು ಇಂಗ್ಲಿಷಿನಲ್ಲಿ ಇಲಿಗಳ ಹಾವಳಿಯ ಭಾಗವನ್ನು ಓದಿ ನಿಲ್ಲಿಸಿದಳು. ಅದನ್ನು ಕನ್ನಡದಲ್ಲಿ ವಿವರಿಸಲು ನಾನು ಬಾಯಿ ತೆರೆಯುವ ಮೊದಲೇ, ಅಡುಗೆಮನೆಯ ಬಾಗಿಲಲ್ಲಿ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದ ಅತ್ತೆಯವರು, ಕೈಯನ್ನು ನಿಲ್ಲಿಸದೆ, ಕುವೆಂಪು ಅವರ ಪದ್ಯವನ್ನು ಮೊದಲಿನಿಂದ ಹೇಳಲಾರಂಭಿಸಿದರು. ಪ್ರಾಥಮಿಕ ಶಾಲೆಯಲ್ಲಿ ಕಲಿತದ್ದು, ಅರವತ್ತಕ್ಕೂ ಹೆಚ್ಚು ವರ್ಷಗಳಾದರೂ ಎಲ್ಲೋ ಎರಡು ಕಡೆ ಮಾತ್ರ ತಡವರಿಸಿದರು. ಅಲ್ಲಿಂದ ಮುಂದೆ ವಾಚನ ಮಗಳದು, ಉತ್ತರ ಅಜ್ಜಿಯದು. ಜರ್ಮನಿಯ ವೇಸರ್ ನದಿಯಲ್ಲಿ ಇಂಗ್ಲಿಷಿನ ಇಲಿಗಳು ಮುಳುಗಿದರೆ, ಕನ್ನಡದವು ತುಂಗೆಯಲ್ಲಿ ಮುಳುಗಿದವು.

ಸಾವಿರ ನಾಣ್ಯ ಕೊಡುತ್ತೇವೆಂದು ಹೇಳಿ ಐವತ್ತಕ್ಕೆ ಇಳಿಸಿದ ಊರಿನ ಯಜಮಾನರ ಮೇಲೆ ಮಗನಿಗೆ ಬಹಳ ಕೋಪ ಬಂದಿತು. ಕೊನೆಯಲ್ಲಿ ಎಲ್ಲ ಮಕ್ಕಳೂ ಬೆಟ್ಟದೊಳಗೆ ಹೋಗಿ, ಕಾಲು ಕುಂಟಾದ್ದರಿಂದ ಹಿಂದೆ ಬಿದ್ದ ಒಬ್ಬ ಹುಡುಗ ಮಾತ್ರ ಉಳಿಯುತ್ತಾನಲ್ಲ, ಅಲ್ಲಿ ಅತ್ತೆಯವರ ಮಾತು ನಿಂತಿತು. ಪದ್ಯ ಮರೆತಿರಬೇಕೆಂದು ನಾನು ಭಾವಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ, ‘ಆಗ ಹೇಳುವಾಗ ಅವನು ಬದುಕಿಕೊಂಡನೆಂದು ನಮಗೆ ಖುಷಿಯಾಗುತ್ತಿತ್ತು. ಜೊತೆಯವರೆಲ್ಲ ಹೋದಮೇಲೆ ಉಳಿದವನ ಪಾಡು ಈಗ ತಿಳಿಯುತ್ತದೆ’ ಎಂದರು. ಬ್ರೌನಿಂಗನ ಕವನದಲ್ಲಿಯೂ ಆ ಹುಡುಗ, ಗೆಳೆಯರು ಹೋದ ಮೇಲೆ ಊರು ಬೇಸರವಾಗಿದೆ ಎಂದೇ ಹೇಳುತ್ತಾನೆಂದು ಮಗಳು ಆ ಸಾಲನ್ನು ಹುಡುಕಿ, ತಾನೇ ಕನ್ನಡ ಮಾಡಿ ಅಜ್ಜಿಗೆ ಹೇಳಿದಳು. ನಾನು ಕಲಿಸಿರಲಿಲ್ಲ.

ಶಿಡ್ಲಘಟ್ಟದವರ ಸಲಹೆಯಂತೆ ಪಾಹೋಮ್‌ನ ಕಥೆಯನ್ನು ಯಜಮಾನರು ಮನೆಯಲ್ಲಿದ್ದ ರಾತ್ರಿ ಓದಿದೆವು. ಅವರು ಇಂಥ ಓದಿಗೆ ಕೂತದ್ದು ಅದೇ ಮೊದಲು. ಈಗ ಕ್ರೂಸೋ ನಡೆಯುತ್ತಿದೆ, ವಾರಕ್ಕೆ ಎರಡು ಕಂತು ಮಾತ್ರ. ಅವನು ಎರಡು ತಿಂಗಳು ಕಷ್ಟಪಟ್ಟು ಎರಡೇ ಎರಡು ಸೊಟ್ಟ ಮಣ್ಣಿನ ಪಾತ್ರೆಗಳನ್ನು ಮಾಡಿದ ಭಾಗಕ್ಕೆ ಬಂದಿದ್ದೇವೆ. ಜೂರಿಯನ್ನು ಮಾರಿದ ಪುಟವನ್ನು ನಾವು ಬಿಡಲಿಲ್ಲ. ಅಂದು ರಾತ್ರಿ ಮಗ, ‘ಹಾಗಾದರೆ ಇವನು ಒಳ್ಳೆಯವನಲ್ಲವೇ?’ ಎಂದು ಕೇಳಿದ, ಆ ಪ್ರಶ್ನೆಗೆ ಮನೆಯಲ್ಲಿ ಇನ್ನೂ ಒಮ್ಮತವಾಗಿಲ್ಲ.

ಕೋಲಾರದ ಸರ್, ತಮ್ಮಲ್ಲಿ ಒಂದು ವಿನಂತಿ. ಕ್ರೂಸೋ ಮುಗಿದ ಮೇಲೆ ‘ದಿ ಮೂನ್‌ಸ್ಟೋನ್’ ಓದಬೇಕೆಂದು ನಿಶ್ಚಯಿಸಿದ್ದೇವೆ, ಅದಕ್ಕೂ ಮುಂಚೆ ಒಂದು ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿಬರುವುದೆಂದೂ ಆಗಿದೆ. ಹಿರಿಯ ಮೇಟಿ ಬೆಟರೆಜ್‌ನ ಭಾಗವನ್ನು ತಾವೇ ಓದುವುದಾಗಿ ಅತ್ತೆಯವರು ಹೇಳಿದ್ದಾರೆ. ಮಗಳು ಆ ಭಾಗವನ್ನು ಕನ್ನಡದಲ್ಲಿ ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದುಕೊಡಲು ಒಪ್ಪಿ, ಮೊದಲ ಎರಡು ಅಧ್ಯಾಯಗಳನ್ನು ಈಗಾಗಲೇ ಬರೆದಿದ್ದಾಳೆ. ಅದರಲ್ಲಿ ಮೇಟಿಯು ಮನೆಯೊಡತಿಯನ್ನು ಸಂಬೋಧಿಸುವ ಮಾತಿಗೆ ‘ಅಮ್ಮಾವರು’ ಎಂದಿಡಬೇಕೋ ‘ದೊರೆಸಾನಿ’ ಎಂದಿಡಬೇಕೋ ಎಂದು ಅಜ್ಜಿ ಮೊಮ್ಮಗಳ ನಡುವೆ ಚರ್ಚೆ ನಡೆದಿದೆ. ತಮ್ಮ ಅಭಿಪ್ರಾಯವನ್ನು ತಿಳಿಸಿದರೆ ಅವಳು ಮೂರನೆಯ ಅಧ್ಯಾಯಕ್ಕೆ ಹೋಗುತ್ತಾಳೆ.